ಪಂಕ್ತಿಯಲ್ಲಿ ಎಲ್ಲರಿಗೂ ಒಂದೇ ಸಿಹಿ: ಬೆಣ್ಣೆಹಣ್ಣು–ಕೋಕೋ ರಸಾಯನ

ಮಳೆಗಾಲದಲ್ಲಿ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕಾಫಿ ತೋಟಗಳಲ್ಲಿ ಓಡಾಡಿದವರಿಗೆ ಬೆಣ್ಣೆಹಣ್ಣಿನ ಮರದ ಬುಡದಲ್ಲಿ ಕಾಣುವ ನೋಟ ಹೊಸತಲ್ಲ. ಬಿದ್ದು ಒಡೆದ ಕಾಯಿಗಳು, ಅವಕ್ಕೆ ಮುತ್ತಿದ ನೊಣ, ಅಳಿಲು ಅರ್ಧ ತಿಂದು ಬಿಟ್ಟ ತಿರುಳು. ವ್ಯಾಪಾರಿ ಬಂದರೆ ಮಾರಾಟ, ಬಾರದಿದ್ದರೆ ಮರದ ಬುಡಕ್ಕೇ ಗೊಬ್ಬರ ಎಂಬ ಲೆಕ್ಕ. ಪಟ್ಟಣದ ಅಂಗಡಿಗಳಲ್ಲಿ 'ಅವಕಾಡೊ' ಎಂಬ ಹೆಸರಿನಿಂದ ಒಂದೊಂದನ್ನೇ ತೂಗಿ ಮಾರುವ ಹಣ್ಣು ಇದೇ ಎಂಬುದು ಈಗ ಹಳ್ಳಿಗಳಿಗೂ ತಿಳಿದಿದೆ. ಆದರೂ ಬೆಳೆದವರ ಮನೆಯಲ್ಲಿ ಇದಕ್ಕೆ ಸಲ್ಲುವ ಸ್ಥಾನ ಒಂದೇ. ಹಾಲು ಸುರಿದು, ನಾಲ್ಕು ಚಮಚ ಸಕ್ಕರೆ ಹಾಕಿ, ಕಡೆದು ಕುಡಿಯುವುದು.

ಘಟ್ಟದ ಕೆಳಗೆ ಹೋದರೆ ಇನ್ನೊಂದು ಬೆಳೆಯ ಕಥೆಯೂ ಹೀಗೆಯೇ ಇದೆ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಅಂತರ ಬೆಳೆಯಾಗಿ ಕೋಕೋ ಬೆಳೆಯುತ್ತಾರೆ. ಹಸಿ ಬೀಜವನ್ನು ತೂಗಿ ಕೊಟ್ಟು ಹಣ ಎಣಿಸಿಕೊಂಡರೆ ಅಲ್ಲಿಗೆ ಮುಗಿಯಿತು. ಆ ಬೀಜದ ರುಚಿ ಮನೆಯ ಮಕ್ಕಳಿಗೆ ಸಿಗುವುದು ಬಣ್ಣದ ಕಾಗದದಲ್ಲಿ ಸುತ್ತಿದ ಚಾಕೊಲೇಟಿನ ರೂಪದಲ್ಲಿ, ಅದೂ ಸಕ್ಕರೆಯೇ ಹೆಚ್ಚಾಗಿ.

ಈ ಎರಡನ್ನೂ ಒಂದು ಬಟ್ಟಲಿನಲ್ಲಿ ಕೂಡಿಸುವ ಮಾತನ್ನು ಇಲ್ಲಿ ಎತ್ತಲು ಕಾರಣವಿದೆ. ಹಬ್ಬದ ಊಟದಲ್ಲಿ ಪಾಯಸ ಬಡಿಸುತ್ತ ಬರುವಾಗ ಎಲೆಯ ಮೇಲೆ ಕೈ ಅಡ್ಡ ಹಿಡಿಯುವವರ ಸಂಖ್ಯೆ ಪ್ರತಿ ಪಂಕ್ತಿಯಲ್ಲೂ ಏರುತ್ತಿದೆ. ಸಿಹಿಮೂತ್ರ ರೋಗ ಪೇಟೆಯವರ ಕಾಯಿಲೆ ಎಂಬ ಕಾಲ ಹೋಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಈ ರೋಗವಿದೆ. ಗ್ರಾಮಾಂತರದ ವಯಸ್ಕರಲ್ಲಿ ಶೇಕಡಾ 9ರಷ್ಟು ಮಂದಿ ಇದಕ್ಕೆ ಒಳಗಾಗಿದ್ದಾರೆ. ಇವರ ಜೊತೆಗೆ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿ ಸಂಕಟಪಡುವವರೂ ಇದ್ದಾರೆ. ಇಂಥವರು ಮನೆಯವರೊಡನೆ ಒಂದೇ ಸಾಲಿನಲ್ಲಿ ಕುಳಿತು ತಿನ್ನಬಹುದಾದ ಸಿಹಿಯೊಂದು ನಮ್ಮ ತೋಟದ ಸಾಮಗ್ರಿಯಿಂದಲೇ ಆಗುವುದಾದರೆ ಅದನ್ನು ಕಲಿಯುವುದರಲ್ಲಿ ನಷ್ಟವಿಲ್ಲ.

ಹೊಸದೇನೂ ಅಲ್ಲ

ಹಾಲಿಲ್ಲದ ಚಾಕೊಲೇಟ್ ಎಂದರೆ ಕೆಲವರು ನಗುತ್ತಾರೆ. ನಿಜವಾಗಿ ನೋಡಿದರೆ ಹಾಲೇ ಆಮೇಲೆ ಸೇರಿಕೊಂಡದ್ದು. ಬೆಣ್ಣೆಹಣ್ಣಿನ ತವರು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ. ಕೋಕೋ ಮೂಲತಃ ಅಮೆಜಾನ್ ಕಾಡಿನ ಗಿಡವಾದರೂ ಅದನ್ನು ಪಾನೀಯವಾಗಿ ಪ್ರಸಿದ್ಧಿಗೆ ತಂದವರು ಅದೇ ಮೆಕ್ಸಿಕೋ ಸೀಮೆಯ ಮೂಲ ನಿವಾಸಿಗಳು. ಸ್ಪೇನಿನವರು ಬರುವ ತನಕ ಅಲ್ಲಿ ದನಗಳೇ ಇರಲಿಲ್ಲ. ಹುರಿದು ಅರೆದ ಕೋಕೋವನ್ನು ನೀರಿನಲ್ಲಿ ಕಲಸಿ, ಮೆಣಸಿನಕಾಯಿ ಬೆರೆಸಿ, ನೊರೆ ಬರಿಸಿ ಕುಡಿಯುತ್ತಿದ್ದರು. ಚಾಕೊಲೇಟಿಗೆ ಹಾಲು ಬೆರೆಸುವುದನ್ನು ಸ್ವಿಟ್ಜರ್ಲೆಂಡಿನ ಡೇನಿಯಲ್ ಪೀಟರ್ ಸಾಧಿಸಿದ್ದು 1875ರಲ್ಲಿ.

ನಮ್ಮ ಕರಾವಳಿ, ಮಲೆನಾಡಿನ ಗೃಹಿಣಿಯರಿಗಂತೂ ಇದರ ದಾರಿ ಪರಿಚಿತವೇ. ಬಾಳೆಹಣ್ಣಿನ ರಸಾಯನಕ್ಕೆ ಯಾರೂ ಹಸುವಿನ ಹಾಲನ್ನು ಹುಡುಕುವುದಿಲ್ಲ. ಕಾಯಿಹಾಲು, ಬೆಲ್ಲ, ಏಲಕ್ಕಿ ಸಾಕು. ಈಗ ಹೇಳುವ ತಿನಿಸು ಆ ರಸಾಯನದ ಮನೆತನಕ್ಕೇ ಸೇರಿದ್ದು. ಬಾಳೆಹಣ್ಣಿನ ಜಾಗದಲ್ಲಿ ಬೆಣ್ಣೆಹಣ್ಣು ಬಂತು, ಜೊತೆಗೆ ಕೋಕೋ ಸೇರಿತು, ಬೆಲ್ಲ ಹಿಂದೆ ಸರಿಯಿತು. ಅಷ್ಟೇ ವ್ಯತ್ಯಾಸ.

ಹಣ್ಣಿನಲ್ಲಿ ಇರುವುದೇನು?

ಮಾವು, ಬಾಳೆ, ಹಲಸುಗಳಲ್ಲಿ ಕಾಯಿ ಹಣ್ಣಾಗುವಾಗ ಪಿಷ್ಟ ಸಕ್ಕರೆಯಾಗುತ್ತದೆ. ಬೆಣ್ಣೆಹಣ್ಣು ಈ ಜಾಡು ಬಿಟ್ಟ ಹಣ್ಣು. ಇದು ಕೂಡಿಡುವುದು ಕೊಬ್ಬನ್ನು. ಚೆನ್ನಾಗಿ ಬಲಿತ ಉತ್ತಮ ಜಾತಿಯ ಹಣ್ಣಿನ 100 ಗ್ರಾಂ ತಿರುಳಿನಲ್ಲಿ ಸುಮಾರು 15 ಗ್ರಾಂ ಕೊಬ್ಬು, 2 ಗ್ರಾಂ ಸಸಾರಜನಕ ಇರುತ್ತವೆ. ಶರ್ಕರಪಿಷ್ಟ ಎಂದು ಲೆಕ್ಕಕ್ಕೆ ಬರುವುದು ಎಂಟೂವರೆ ಗ್ರಾಂ. ಅದರಲ್ಲೂ ಆರೂವರೆ ಗ್ರಾಂಗಿಂತ ಹೆಚ್ಚು ಭಾಗ ನಾರಿನಂಶ. ಅದು ರಕ್ತದ ಸಕ್ಕರೆಯನ್ನು ಏರಿಸುವುದಿಲ್ಲ. ಉಳಿಯುವುದು ಎರಡು ಗ್ರಾಂ ಮಾತ್ರ. ಅಷ್ಟೇ ತೂಕದ ಬಾಳೆಹಣ್ಣಿನಲ್ಲಿ 20 ಗ್ರಾಂಗೂ ಹೆಚ್ಚು ಇರುತ್ತದೆ ಎಂಬುದನ್ನು ಹೋಲಿಸಿ ನೋಡಬಹುದು.

ನಮ್ಮ ತೋಟಗಳಲ್ಲಿರುವ ಮರಗಳು ಬಹುಪಾಲು ಬೀಜದಿಂದ ಎದ್ದವು. ಆದ್ದರಿಂದ ಒಂದು ಮರದ ಹಣ್ಣಿನಂತೆ ಇನ್ನೊಂದರದು ಇರುವುದಿಲ್ಲ. ಕೆಲವು ಗಟ್ಟಿ ಬೆಣ್ಣೆ, ಕೆಲವು ನೀರು ನೀರು. ನೀರಿನ ಜಾತಿಯಲ್ಲಿ ಕೊಬ್ಬು 10 ಗ್ರಾಂ ಅಥವಾ ಅದಕ್ಕೂ ಕಡಿಮೆ ಇದ್ದೀತು. ಈ ತಿನಿಸಿಗೆ ಗಟ್ಟಿ ತಿರುಳಿನ ಮರವನ್ನೇ ಗುರುತಿಟ್ಟುಕೊಳ್ಳುವುದು ಒಳ್ಳೆಯದು. ನಾರು ಎಳೆ ಎಳೆಯಾಗಿ ಕಾಣುವ ಹಣ್ಣೂ ಬೇಡ.

ಕೋಕೋ ಪುಡಿಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಂಗಡಿಯಲ್ಲಿ ಕೋಕೋ ಎಂದು ಕೇಳಿದರೆ ಹಾಲಿಗೆ ಬೆರೆಸುವ ಚಾಕೊಲೇಟ್ ಪುಡಿಯನ್ನು ಕೊಡುವವರಿದ್ದಾರೆ. ಅದರಲ್ಲಿ ಸಕ್ಕರೆಯ ಪಾಲೇ ದೊಡ್ಡದು. ಹಲವು ಬಗೆಗಳಲ್ಲಿ ಹಾಲಿನ ಪುಡಿಯೂ ಇರುತ್ತದೆ. ಪೊಟ್ಟಣದ ಹಿಂಭಾಗದಲ್ಲಿ ಪದಾರ್ಥಗಳ ಪಟ್ಟಿಯನ್ನು ಓದಿ, ಕೋಕೋ ಒಂದನ್ನೇ ಬರೆದಿದ್ದರೆ ಮಾತ್ರ ಕೊಳ್ಳಬೇಕು. ಓದಲು ಬಾರದವರು ನಾಲಿಗೆಯಿಂದಲೇ ಪರೀಕ್ಷಿಸಬಹುದು. ಶುದ್ಧ ಕೋಕೋ ಪುಡಿ ಕಹಿ.

ಹಣ್ಣು ಮಾಗಿಸುವ ಬಗೆ

ತಿನಿಸು ಕೆಡುವುದು ಹೆಚ್ಚಾಗಿ ಒಲೆಯ ಮುಂದಲ್ಲ, ಮರದ ಮೇಲೆ. ಬೆಣ್ಣೆಹಣ್ಣು ಮರದಲ್ಲಿ ಬಲಿಯುತ್ತದೆಯೇ ವಿನಾ ಮಾಗುವುದಿಲ್ಲ. ಕಿತ್ತ ಮೇಲೆಯೇ ಅದು ಮೆತ್ತಗಾಗುವುದು. ಎಳೆಯದನ್ನು ಕಿತ್ತರೆ ಎಷ್ಟು ದಿನ ಇಟ್ಟರೂ ಸುಕ್ಕುಗಟ್ಟಿ ರಬ್ಬರಿನಂತಾಗುತ್ತದೆ, ರುಚಿ ಬಾರದು. ಬಲಿತದ್ದನ್ನು ತಿಳಿಯುವುದು ಹೇಗೆ? ಸಿಪ್ಪೆಯ ಹೊಳಪು ಕುಂದುತ್ತದೆ. ಹಸಿರು ಜಾತಿಗಳಲ್ಲಿ ನಸು ಹಳದಿ ಛಾಯೆ, ನೇರಳೆ ಜಾತಿಗಳಲ್ಲಿ ಬಣ್ಣದ ತಿರುವು ಕಾಣುತ್ತದೆ. ಕೆಲವು ಮರಗಳ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಬೀಜ ಕುಲುಕುವ ಸದ್ದಾಗುತ್ತದೆ. ಇವೆಲ್ಲಕ್ಕಿಂತ ನಂಬಿಕೆಯ ಪರೀಕ್ಷೆ ಎಂದರೆ ಒಂದು ಕಾಯಿಯನ್ನು ಕೊಯ್ದು ನೋಡುವುದು. ಬೀಜದ ಮೇಲಿನ ಸಿಪ್ಪೆ ಬಿಳಿಯಾಗಿ ತಿರುಳಿಗೆ ಅಂಟಿದ್ದರೆ ಇನ್ನೂ ಎಳೆಯದು. ಕಂದು ಬಣ್ಣಕ್ಕೆ ತಿರುಗಿ ಕಾಗದದಂತೆ ತೆಳುವಾಗಿದ್ದರೆ ಆ ಮರದ ಅದೇ ಗಾತ್ರದ ಕಾಯಿಗಳನ್ನು ಇಳಿಸಬಹುದು.

ಕೋಲಿನಿಂದ ಬಡಿಯುವ ಅಭ್ಯಾಸವನ್ನು ಬಿಡಬೇಕು. ಬಲೆ ಕಟ್ಟಿದ ಕೊಕ್ಕೆಯಿಂದ, ತೊಟ್ಟಿನ ಚಿಕ್ಕ ತುಂಡು ಉಳಿಯುವಂತೆ ಬಿಡಿಸಬೇಕು. ಪೆಟ್ಟು ಬಿದ್ದ ಕಡೆಯೂ ತೊಟ್ಟು ಕಿತ್ತ ಗಾಯದಲ್ಲೂ ಕೊಳೆ ಮೊದಲು ಹಿಡಿಯುತ್ತದೆ. ಕಾಯಿಗಳನ್ನು ಭತ್ತದ ಹುಲ್ಲಿನಲ್ಲಿ ಅಥವಾ ಅಕ್ಕಿಯ ಡಬ್ಬದಲ್ಲಿ ಇಟ್ಟರೆ ಐದರಿಂದ ಹತ್ತು ದಿನಗಳಲ್ಲಿ ಮಾಗುತ್ತವೆ. ಜೊತೆಗೆ ಒಂದೆರಡು ಮಾಗಿದ ಬಾಳೆಹಣ್ಣು ಇಟ್ಟರೆ ಬೇಗ. ಬಾಳೆಯಿಂದ ಹೊರಡುವ ಎಥಿಲೀನ್ ಅನಿಲ ಈ ಕೆಲಸ ಮಾಡುತ್ತದೆ. ಕಾಯಿಯಾಗಿರುವಾಗಲೇ ತಂಗಳು ಪೆಟ್ಟಿಗೆಗೆ ಸೇರಿಸಬಾರದು. ತೊಟ್ಟಿನ ಬಳಿ ಹೆಬ್ಬೆರಳು ಇಟ್ಟು ಮೆಲ್ಲನೆ ಒತ್ತಿದರೆ ತಗ್ಗುವ ಹದವೇ ನಮಗೆ ಬೇಕಾದದ್ದು.

ತಯಾರಿಸುವ ವಿಧಾನ

ನಾಲ್ವರಿಗೆ ಒಂದೊಂದು ಚಿಕ್ಕ ಬಟ್ಟಲು ಬರುವಂತೆ ಈ ಅಳತೆ ಕೊಟ್ಟಿದೆ. ತಲಾ 300 ಗ್ರಾಂ ತೂಗುವ ಎರಡು ಬೆಣ್ಣೆಹಣ್ಣು (ಸಿಪ್ಪೆ, ಬೀಜ ಕಳೆದರೆ ಸುಮಾರು 400 ಗ್ರಾಂ ತಿರುಳು ಸಿಗುತ್ತದೆ), 30 ಗ್ರಾಂ ಕೋಕೋ ಪುಡಿ, ಅಂದರೆ ಗೋಪುರದಂತೆ ತುಂಬಿದ ಆರು ಚಹಾ ಚಮಚ, ಅರ್ಧ ತೆಂಗಿನಕಾಯಿಯಿಂದ ಹಿಂಡಿದ ಮೊದಲ ಹಾಲು 100 ಮಿಲಿಲೀಟರ್, ಎರಡು ಏಲಕ್ಕಿ, ಚಿಟಿಕೆ ಉಪ್ಪು, ಅರ್ಧ ಚಮಚ ನಿಂಬೆರಸ. ಸಿಹಿಯ ಮಾತನ್ನು ಆಮೇಲೆ ನೋಡೋಣ.

ಮೊದಲು ಕೋಕೋ ಪುಡಿಯನ್ನು ಚಿಕ್ಕ ಪಾತ್ರೆಗೆ ಹಾಕಿ, ಚೆನ್ನಾಗಿ ಕುದಿದ ನೀರು 100 ಮಿಲಿಲೀಟರನ್ನು ಸ್ವಲ್ಪ ಸ್ವಲ್ಪವಾಗಿ ಸುರಿದು ಗಂಟಿಲ್ಲದಂತೆ ಕಲಸಬೇಕು. ಬಿಸಿನೀರು ತಗುಲಿದಾಗಲೇ ಕೋಕೋವಿನ ಪರಿಮಳ ಬಿಚ್ಚಿಕೊಳ್ಳುವುದು. ಒಣ ಪುಡಿಯನ್ನು ನೇರವಾಗಿ ತಿರುಳಿಗೆ ಸುರಿದರೆ ಹಸಿ ವಾಸನೆ ಹೋಗುವುದಿಲ್ಲ, ನಾಲಿಗೆಗೆ ಮರಳು ಮರಳಾಗಿ ಸಿಗುತ್ತದೆ. ಈ ಗೊಜ್ಜು ಪೂರ್ತಿ ತಣ್ಣಗಾಗಲಿ.

ಇಲ್ಲಿ ಅವಸರ ಕೂಡದು. ಬೆಣ್ಣೆಹಣ್ಣಿಗೆ ಬಿಸಿ ತಾಗಿದರೆ ಕಹಿಯಾಗುತ್ತದೆ. ಹಲ್ವದಂತೆ ಕಾಯಿಸಲು ಹೋಗಿ ಇಡೀ ಬಾಣಲೆಯನ್ನು ಚೆಲ್ಲಿದವರನ್ನು ನಾನು ತರಬೇತಿ ಶಿಬಿರಗಳಲ್ಲಿ ಕಂಡಿದ್ದೇನೆ. ಈ ಹಣ್ಣಿಗೆ ಒಲೆಯ ಸಹವಾಸವೇ ಬೇಡ.

ಕೋಕೋ ಆರಿದ ಮೇಲೆ ಹಣ್ಣನ್ನು ಉದ್ದಕ್ಕೆ ಕೊಯ್ದು, ಎರಡು ಹೋಳುಗಳನ್ನು ಎದುರು ಬದುರು ತಿರುಚಿ ಬೀಜ ತೆಗೆದು, ಚಮಚದಿಂದ ತಿರುಳನ್ನು ಕೆರೆಯಬೇಕು. ಕಪ್ಪಾದ ಭಾಗವನ್ನು, ಸಿಪ್ಪೆಗೆ ಅಂಟಿದ ಗಡುಸನ್ನು ಸೇರಿಸಬಾರದು. ಗಾಳಿ ತಾಗಿದೊಡನೆ ತಿರುಳು ಕಂದಾಗತೊಡಗುತ್ತದೆ. ಆದ್ದರಿಂದ ಕೂಡಲೇ ನಿಂಬೆರಸ ಬೆರೆಸಬೇಕು. ಮಿಕ್ಸಿ ಇದ್ದರೆ ಎರಡು ನಿಮಿಷದ ಕೆಲಸ. ವಿದ್ಯುತ್ ಇಲ್ಲದ ಹೊತ್ತಿನಲ್ಲಿ ಒರಳಿನಲ್ಲಿ ಅರೆದರೂ ನಡೆಯುತ್ತದೆ. ಹಣ್ಣು ಸರಿಯಾಗಿ ಮಾಗಿದ್ದರೆ ಮಜ್ಜಿಗೆ ಕಡೆಯುವ ಕಡೆಗೋಲೇ ಸಾಕು. ತಿರುಳು ಬೆಣ್ಣೆಯಂತಾದ ಮೇಲೆ ಕೋಕೋ ಗೊಜ್ಜು, ಏಲಕ್ಕಿ ಪುಡಿ, ಉಪ್ಪು ಸೇರಿಸಿ, ಕೊನೆಯಲ್ಲಿ ಕಾಯಿಹಾಲನ್ನು ಹದ ನೋಡಿಕೊಂಡು ಹಾಕಬೇಕು. ನೀರಿನ ಜಾತಿಯ ಹಣ್ಣಾದರೆ ಕಾಯಿಹಾಲು ಅರ್ಧಕ್ಕೆ ಇಳಿಯಲಿ. ಉಪ್ಪನ್ನು ಮರೆಯುವಂತಿಲ್ಲ. ಸಿಹಿ ಕಡಿಮೆ ಇರುವಲ್ಲಿ ಕೋಕೋವಿನ ಕಹಿಯನ್ನು ತಗ್ಗಿಸುವುದು ಆ ಚಿಟಿಕೆ ಉಪ್ಪೇ.

ಮಣ್ಣಿನ ಕುಡಿಕೆಯಲ್ಲಿ ಇಟ್ಟು ತಂಪು ಜಾಗದಲ್ಲಿ ಒಂದು ಗಂಟೆ ಬಿಟ್ಟರೆ ಗಟ್ಟಿಯಾಗುತ್ತದೆ. ಬಾಳೆ ಎಲೆಯ ತುಂಡನ್ನು ತಿನಿಸಿನ ಮೈಗೇ ತಾಗುವಂತೆ ಮುಚ್ಚಿದರೆ ಮೇಲ್ಪದರ ಕಪ್ಪಾಗದು. ಕಾಯಿಹಾಲು ಇರುವುದರಿಂದ ಹೊರಗೆ ಇಟ್ಟದ್ದನ್ನು ಮೂರು ನಾಲ್ಕು ಗಂಟೆಯೊಳಗೆ, ತಂಗಳು ಪೆಟ್ಟಿಗೆಯಲ್ಲಿ ಇಟ್ಟದ್ದನ್ನು ಮರುದಿನದೊಳಗೆ ಮುಗಿಸಬೇಕು.

ಸಿಹಿ ಎಷ್ಟು, ಯಾವುದು?

ಇಡೀ ಪ್ರಯತ್ನ ನಿಲ್ಲುವುದೂ ಬೀಳುವುದೂ ಇಲ್ಲಿಯೇ. ಮೇಲಿನ ಅಳತೆಯಲ್ಲಿ ಸಿಹಿ ಏನೂ ಹಾಕದಿದ್ದರೆ, ನಾರಿನಂಶ ಕಳೆದು, ಒಬ್ಬರ ಪಾಲಿಗೆ ಬರುವ ಶರ್ಕರಪಿಷ್ಟ ಸುಮಾರು 5 ಗ್ರಾಂ. ನಾಲ್ವರಿಗೂ ಸೇರಿ 40 ಗ್ರಾಂ ಬೆಲ್ಲವನ್ನು ಕರಗಿಸಿ, ಸೋಸಿ, ಆರಿಸಿ ಬೆರೆಸಿದರೆ ತಲಾ 9 ಗ್ರಾಂ ಹೆಚ್ಚುತ್ತದೆ, ಒಟ್ಟು 14. ಇದು ಒಂದು ಬಾಳೆಹಣ್ಣಿಗಿಂತಲೂ ಕಡಿಮೆಯೇ. ಆದರೆ ಪಾಯಸದ ಕೈಯಲ್ಲಿ 100 ಗ್ರಾಂ ಸಕ್ಕರೆ ಸುರಿದರೆ ತಲಾ 25 ಗ್ರಾಂ ಸೇರಿ 30 ಆಯಿತು. ಹಣ್ಣು ಬೆಣ್ಣೆಹಣ್ಣೇ ಆದರೂ ಪ್ರಯೋಜನವೇನು?

ಬೆಲ್ಲ ಸಕ್ಕರೆಯಲ್ಲ, ಆದ್ದರಿಂದ ಸಿಹಿಮೂತ್ರದವರಿಗೆ ತೊಂದರೆಯಿಲ್ಲ ಎಂಬ ಮಾತನ್ನು ಓದು ಬರಹ ಬಲ್ಲವರ ಬಾಯಲ್ಲೂ ಕೇಳುತ್ತೇವೆ. ರಾಸಾಯನಿಕ ಹಾಕದ ಬೆಲ್ಲವಾಗಲಿ, ತಾಟಿಬೆಲ್ಲವಾಗಲಿ, ಜೇನಾಗಲಿ, ಖರ್ಜೂರವಾಗಲಿ, ರಕ್ತಕ್ಕೆ ಇಳಿದ ಮೇಲೆ ಎಲ್ಲವೂ ಒಂದೇ ಲೆಕ್ಕ. ಬೆಲ್ಲದಲ್ಲಿ ಅಲ್ಪಸ್ವಲ್ಪ ಖನಿಜಾಂಶ ಇರುವುದು ನಿಜ. ಆ ನೆವದಿಂದ ಅದು ಔಷಧಿಯಾಗುವುದಿಲ್ಲ.

ರೋಗ ಇರುವವರ ಪಾಲನ್ನು ಮೊದಲೇ ಬೇರೆ ತೆಗೆದು ಸ್ಟೀವಿಯಾದಿಂದ ಸಿಹಿ ಮಾಡಬಹುದು. ಸಿಹಿ ಎಲೆ ಎಂದು ಕೆಲವರು ಕುಂಡದಲ್ಲಿ ಬೆಳೆಸುವ ಗಿಡವೇ ಇದು. ಇದರ ಸಾರ ಸಕ್ಕರೆಗಿಂತ 200ರಿಂದ 300 ಪಟ್ಟು ಸಿಹಿ. ಹಾಗಾಗಿ ಶುದ್ಧ ಸಾರವಾದರೆ ಚಾಕುವಿನ ತುದಿಯಷ್ಟು ಸಾಕು. ಹೆಚ್ಚಾದರೆ ಗಂಟಲಿನಲ್ಲಿ ಕಹಿ ನಿಲ್ಲುತ್ತದೆ. ಕೋಕೋ ಇರುವುದರಿಂದ ಆ ಕಹಿ ಅಷ್ಟಾಗಿ ತೋರದು ಎಂಬುದೂ ಒಂದು ಅನುಕೂಲ. ಅಂಗಡಿಯ ಸ್ಟೀವಿಯಾ ಪುಡಿಗಳಲ್ಲಿ ಕೆಲವಕ್ಕೆ ತೂಕ ಬರಿಸಲು ಡೆಕ್ಸ್‌ಟ್ರೋಸ್ ಮೊದಲಾದುವನ್ನು ಬೆರೆಸಿರುತ್ತಾರೆ. ಇಲ್ಲೂ ಪಟ್ಟಿ ಓದಿಯೇ ಕೊಳ್ಳಬೇಕು. ಒಂದೆರಡು ವಾರ ಸಿಹಿ ತಗ್ಗಿಸಿ ತಿಂದವರಿಗೆ ನಾಲಿಗೆ ತಾನಾಗಿ ಒಗ್ಗುತ್ತದೆ. ನನ್ನ ಮನೆಯಲ್ಲಿ ಈಗ 40 ಗ್ರಾಂ ಬೆಲ್ಲ 20ಕ್ಕೆ ಇಳಿದಿದೆ.

ಇದು ಊಟದ ಜೊತೆಗಿನ ಸಿಹಿಯೇ ಹೊರತು ಚಿಕಿತ್ಸೆಯಲ್ಲ. ಮಾತ್ರೆ, ಇನ್ಸುಲಿನ್ ನಿಲ್ಲಿಸುವ ಪ್ರಶ್ನೆಯೇ ಇಲ್ಲ. ಶರ್ಕರಪಿಷ್ಟ ಕಡಿಮೆ ಎಂದರೆ ಶಕ್ತಿ ಕಡಿಮೆ ಎಂದಲ್ಲ. ಕೊಬ್ಬಿನ ಕಾರಣದಿಂದ ಒಂದು ಬಟ್ಟಲಿಗೆ ಸುಮಾರು 250 ಕ್ಯಾಲೊರಿ ಬರುತ್ತದೆ. ಪಾಯಸದ ಬದಲಿಗೆ ಇದನ್ನು ತಿನ್ನಬೇಕು, ಪಾಯಸದ ಮೇಲೆ ಅಲ್ಲ. ಇನ್ನೂ ಮುಖ್ಯವಾದದ್ದು ಮೂತ್ರಪಿಂಡದ ತೊಂದರೆಯವರ ವಿಷಯ. ಸಿಹಿಮೂತ್ರ ಹಳೆಯದಾದಾಗ ಹಲವರಿಗೆ ಮೂತ್ರಪಿಂಡವೂ ಸೋಲುತ್ತದೆ. ಪೊಟ್ಯಾಸಿಯಂ ಕಡಿಮೆ ಮಾಡಿ ಎಂದು ವೈದ್ಯರು ಅಂಥವರಿಗೆ ಹೇಳಿರುತ್ತಾರೆ. ಬೆಣ್ಣೆಹಣ್ಣಿನಲ್ಲಿ ಅದು ಬಾಳೆಹಣ್ಣಿಗಿಂತ ಹೆಚ್ಚು. 100 ಗ್ರಾಂಗೆ ಸುಮಾರು 485 ಮಿಲಿಗ್ರಾಂ. ಕೋಕೋದಲ್ಲೂ ಧಾರಾಳವಾಗಿದೆ. ಅವರಿಗೆ ಈ ತಿನಿಸು ಸಲ್ಲದು.

ಕೋಕೋ ಮನೆಯಲ್ಲೇ ಆದೀತೆ?

ಕೋಕೋ ಬೆಳೆಗಾರರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಆಗುತ್ತದೆ, ಆದರೆ ಪುಡಿಯಾಗಿ ಅಲ್ಲ. ಹಸಿ ಬೀಜವನ್ನು ಬಾಳೆ ಎಲೆ ಹಾಸಿದ ಬುಟ್ಟಿಯಲ್ಲಿ ತುಂಬಿ, ಮುಚ್ಚಿ, ನಡುನಡುವೆ ಮಗುಚುತ್ತ ಆರೇಳು ದಿನ ಹುಳಿಯಲು ಬಿಡಬೇಕು. ಒಂದು ಹಿಡಿ ಬೀಜ ಇಟ್ಟರೆ ಕಾವು ಏಳುವುದಿಲ್ಲ, ಬೂಷ್ಟು ಬರುತ್ತದೆ. ಬುಟ್ಟಿ ತುಂಬುವಷ್ಟು ಇರಬೇಕು. ಹುಳಿಯದ ಬೀಜದಲ್ಲಿ ಚಾಕೊಲೇಟಿನ ವಾಸನೆಯೇ ಹುಟ್ಟದು. ಅನಂತರ ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಕೇರಿ ಅರೆದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಬೀಜದ ತಿರುಳಿನಲ್ಲಿ ಅರ್ಧದಷ್ಟು ಕೊಬ್ಬೇ ಇರುವುದು ಇದಕ್ಕೆ ಕಾರಣ. 1828ರಲ್ಲಿ ಹಾಲೆಂಡಿನ ವಾನ್ ಹೌಟನ್ ಎಂಬವರು ಒತ್ತುಯಂತ್ರದಿಂದ ಈ ಕೊಬ್ಬನ್ನು ಬೇರ್ಪಡಿಸುವ ಕ್ರಮಕ್ಕೆ ಹಕ್ಕು ಪಡೆದ ಮೇಲೆಯೇ ಈಗಿನ ಕೋಕೋ ಪುಡಿ ಬಳಕೆಗೆ ಬಂದದ್ದು. ಮನೆಯ ಮುದ್ದೆಯನ್ನು ಬಳಸುವವರು 45 ಗ್ರಾಂ ಹಾಕಿ, ಕಾಯಿಹಾಲನ್ನು ಅರ್ಧ ಮಾಡಿದರೆ ಸರಿಹೋಗುತ್ತದೆ.

ಇಷ್ಟು ಶ್ರಮ ಬೇಡವೆನ್ನುವವರು ಪುಡಿ ಕೊಳ್ಳಲಿ. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯಾಗಿ 1973ರಲ್ಲಿ ಹುಟ್ಟಿದ ಕ್ಯಾಂಪ್ಕೋ, ಮುಂದೆ ಕೋಕೋ ಬೆಲೆ ಕುಸಿದು ಕೊಳ್ಳುವವರು ಹಿಂದೆಗೆದಾಗ ಖರೀದಿಗೆ ಇಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆದದ್ದು ಹಿರಿಯ ಬೆಳೆಗಾರರಿಗೆ ನೆನಪಿರಬಹುದು. ಈಚೆಗೆ ಬೆಲೆಯ ಇನ್ನೊಂದು ಮುಖವನ್ನೂ ಕಂಡೆವು. ಪಶ್ಚಿಮ ಆಫ್ರಿಕಾದಲ್ಲಿ ಬೆಳೆ ಕೈಕೊಟ್ಟು, 2024ರ ಮಾರ್ಚಿಯಲ್ಲಿ ಜಾಗತಿಕ ಮಾರುಕಟ್ಟೆಯಲ್ಲಿ ಕೋಕೋ ಟನ್ನಿಗೆ 10,000 ಡಾಲರ್ ದಾಟಿತು, ಮರುವರ್ಷ ಇಳಿಮುಖವಾಯಿತು.

ಬೆಣ್ಣೆಹಣ್ಣಿನ ವಿಷಯದಲ್ಲೂ ಈಗ ಇಂಥದೇ ಏರುಗಾಲ. ಬಯಲು ಸೀಮೆಯಿಂದಲೂ ರೈತರು ಬಂದು 'ಹ್ಯಾಸ್' ಸಸಿ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ನನ್ನ ಸಲಹೆ, ಎಕರೆಗಟ್ಟಲೆ ನೆಡುವ ಮೊದಲು ಮನೆಯವರು ತಿಂದು ನೋಡಿ, ಮರದಿಂದ ಮರಕ್ಕೆ ಇರುವ ವ್ಯತ್ಯಾಸವನ್ನು ತಿಳಿಯಿರಿ. ನೀರು ನಿಲ್ಲುವ ಜಾಗದಲ್ಲಿ ಬೇರು ಕೊಳೆ ರೋಗ ಈ ಮರವನ್ನು ಉಳಿಸುವುದಿಲ್ಲ. ನೆಡುವುದಾದರೆ ಕಸಿ ಸಸಿಯನ್ನೇ ನೆಡಬೇಕು. ಕೊಡಗಿನ ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ಅರ್ಕಾ ಸುಪ್ರೀಂ ಎಂಬ ತಳಿಯನ್ನು ಆರಿಸಿ ತೆಗೆದಿದ್ದಾರೆ. ಅಲ್ಲಿ ವಿಚಾರಿಸಬಹುದು.

ಈ ರಸಾಯನವನ್ನು ಶೀಷೆಗೆ ತುಂಬಿ ಸಂತೆಯಲ್ಲಿ ಮಾರಬಹುದೇ ಎಂದು ಸ್ತ್ರೀಶಕ್ತಿ ಗುಂಪಿನವರು ಕೇಳುವುದುಂಟು. ಬೇಡ. ಬೇಯಿಸದ ತಿರುಳು, ಹಸಿ ಕಾಯಿಹಾಲು ಎರಡೂ ಬೇಗ ಕೆಡುವಂಥವು; ಕೆಟ್ಟದ್ದು ಕೋಕೋವಿನ ಬಣ್ಣದಲ್ಲಿ ಕಣ್ಣಿಗೆ ಕಾಣುವುದೂ ಇಲ್ಲ. ಆಹಾರ ಮಾರುವವರು ಎಷ್ಟು ಚಿಕ್ಕವರಾದರೂ 2006ರ ಆಹಾರ ಸುರಕ್ಷತೆ ಕಾಯಿದೆಯಂತೆ ನೋಂದಾಯಿಸಿಕೊಳ್ಳಬೇಕು ಎಂಬುದು ಇನ್ನೊಂದು ಮಾತು. ಹದವಾಗಿ ಮಾಗಿಸಿದ, ಪೆಟ್ಟಿಲ್ಲದ ಹಣ್ಣನ್ನು ಗಾತ್ರ ನೋಡಿ ವಿಂಗಡಿಸಿ ಮಾರಿದರೆ ಅದರಲ್ಲೇ ಹೆಚ್ಚು ಸಿಗುತ್ತದೆ.

ಸಿಪ್ಪೆ, ಬೀಜ, ಎಲೆ

ಅಡಿಗೆ ಮನೆಯ ಸಿಪ್ಪೆಯನ್ನು ಕೊಟ್ಟಿಗೆಗೆ ಹಾಕುವುದು ನಮ್ಮಲ್ಲಿ ರೂಢಿ. ಬೆಣ್ಣೆಹಣ್ಣಿನ ಮಟ್ಟಿಗೆ ಈ ರೂಢಿ ಅಪಾಯಕರ. ಇದರ ಎಲೆ, ತೊಗಟೆ, ಸಿಪ್ಪೆ, ಬೀಜಗಳಲ್ಲಿ ಪರ್ಸಿನ್ ಎಂಬ ವಿಷವಸ್ತುವಿದೆ. ಮನುಷ್ಯರು ತಿನ್ನುವ ತಿರುಳಿನಿಂದ ನಮಗೆ ತೊಂದರೆಯಾಗದಿದ್ದರೂ ಆಡು, ಕುರಿ, ದನ, ಕುದುರೆ, ಮೊಲ, ಸಾಕಿದ ಹಕ್ಕಿಗಳಿಗೆ ಇದು ಆಗದು. ಹಾಲು ಕರೆಯುವ ಆಡು, ಹಸುಗಳು ಎಲೆ ಮೇದರೆ ಕೆಚ್ಚಲು ಬಾತು ಹಾಲು ತಗ್ಗುತ್ತದೆ. ಹೆಚ್ಚು ಮೇದರೆ ಹೃದಯಕ್ಕೇ ಪೆಟ್ಟು ಬಿದ್ದು ಸಾಯುವುದೂ ಉಂಟು. ಕೊಂಬೆ ಸವರಿದ ದಿನ ಆಡುಗಳನ್ನು ಆ ಕಡೆ ಬಿಡಬೇಡಿ. ಬೀಜವನ್ನು ಪುಡಿ ಮಾಡಿ ತಿನ್ನಿರೆಂದು ಹೇಳುವವರ ಮಾತನ್ನೂ ನಂಬಬೇಡಿ. ಕೋಕೋ ಸೇರಿದ ತಿನಿಸಿನ ಉಳಿಕೆಯನ್ನು ನಾಯಿಗೆ ಹಾಕಬಾರದು. ಅದರಲ್ಲಿರುವ ಥಿಯೋಬ್ರೊಮಿನ್ ನಾಯಿಗೆ ವಿಷ. ಸಿಪ್ಪೆ, ಬೀಜ ಎಲ್ಲವನ್ನೂ ಗೊಬ್ಬರದ ಗುಂಡಿಗೆ ಹಾಕಿ ಮೇಲೊಂದು ಪುಟ್ಟಿ ಮಣ್ಣು ಎಳೆದರೆ ಕೋಳಿಗಳೂ ಕೆದಕುವುದಿಲ್ಲ.